ಡೊಂಬಿವಲಿಯ ಫ್ಲ್ಯಾಟಿನಲ್ಲಿ ಸಾಕಿದ ಏಳು ತಿಂಗಳ ವೇಲ್ಡ್ ಎಂಬ ವಿದೇಶಿ ಜಾತಿಯ ಊಸರವಳ್ಳಿ ಹಗಲಲ್ಲೇ ಕಣ್ಣು ಮುಚ್ಚಿ ಕೂರುತ್ತಿದೆ, ಮುಂಗಾಲು ಸೊಟ್ಟಗಾಗಿದೆ. ಗಾಜಿನ ತೊಟ್ಟಿಯಲ್ಲಿ, ಕಿಟಕಿ ಪಕ್ಕ ಇಟ್ಟಿದ್ದೇವೆ. ಏನು ಮಾಡಬೇಕು?

ಕಾಲು ಬಾಗಿದೆ ಎಂದರೆ ಮೊದಲ ಅನುಮಾನ ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ಮೆತ್ತಗಾಗುವ ಕಾಯಿಲೆಯ ಮೇಲೆ. ಹುಷಾರಾಗಿರುವ ಊಸರವಳ್ಳಿ ಹಗಲು ಕಣ್ಣು ಮುಚ್ಚುವುದಿಲ್ಲ, ಹಾಗಾಗಿ ಇನ್ನು ಕಾಯಬೇಡಿ. ಸರೀಸೃಪ ನೋಡುತ್ತಾರಾ ಎಂದು ಫೋನಿನಲ್ಲೇ ಕೇಳಿಕೊಂಡು ವೆಟ್ ಹತ್ತಿರ ಹೋಗಿ, ಎಕ್ಸ್‌ರೇ ಮಾಡಿಸಿ, ಜಂತುಹುಳು ಪರೀಕ್ಷೆಗೆ ಹೊಸ ಹಿಕ್ಕೆಯನ್ನೂ ಒಯ್ಯಿರಿ. ಎತ್ತುವಾಗ ಕೊಂಬೆ ಸಮೇತ ಎತ್ತಿ. ಹಿಡಿದು ಎಳೆದರೆ ಮೆತ್ತಗಾದ ಮೂಳೆ ಮುರಿಯುತ್ತದೆ. ಮನುಷ್ಯರ ಕ್ಯಾಲ್ಸಿಯಂ ಸಿರಪ್ ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದೀತು.

ಕಿಟಕಿ ಪಕ್ಕ ಇಟ್ಟರೆ ಬಿಸಿಲು ಸಿಕ್ಕಂತೆ ಅಂದುಕೊಳ್ಳುತ್ತಾರೆ. ಗಾಜು ಬೆಳಕನ್ನು ಬಿಡುತ್ತದೆ, ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣವನ್ನು ತಡೆಯುತ್ತದೆ. ಆ ಕಿರಣವಿಲ್ಲದೆ ಚರ್ಮದಲ್ಲಿ ವಿಟಮಿನ್ ಡಿ3 ಆಗದು, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು. ಉದ್ದನೆಯ, ತೆಳುವಾದ ಟಿ5 ಯುವಿಬಿ ಟ್ಯೂಬ್ (ಯುವಿಬಿ ಪ್ರಮಾಣ 5.0 ಅಥವಾ 6% ಎಂದು ಬರೆದಿರುವುದು) ಹಾಕಿ, ಅದು ಕೂರುವ ಕೊಂಬೆಯಿಂದ 20–30 ಸೆಂ.ಮೀ. ಎತ್ತರದಲ್ಲಿ, ದಿನಕ್ಕೆ 12 ಗಂಟೆ. ಟ್ಯೂಬ್ ಉರಿಯುತ್ತಲೇ ಇದ್ದರೂ ಕಿರಣ ಕ್ಷೀಣಿಸುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ಬಿಸಿಗೆ ಬೇರೆ ಬಲ್ಬ್ ಬೇಕು: ಮರಿಗೆ ಅದರ ಕೆಳಗಿನ ಕೊಂಬೆ 27–29 ಡಿಗ್ರಿ ಇದ್ದರೆ ಸಾಕು, ಮುಂಬೈ ಏಪ್ರಿಲ್‌ನಲ್ಲಿ ಅದೂ ಬೇಡವಾಗಬಹುದು.

ಹುಳುಗಳನ್ನು ಪ್ರತಿ ಸಲವೂ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿಯಲ್ಲಿ ತೆಳುವಾಗಿ ಹೊರಳಿಸಿ ಕೊಡಿ. ಡಿ3 ಮತ್ತು ವಿಟಮಿನ್ ಎ ಇರುವ ಸರೀಸೃಪಗಳ ಪುಡಿ ತಿಂಗಳಿಗೆ ಎರಡೇ ಸಲ. ಹೆಚ್ಚಾದರೆ ಈ ಎರಡು ವಿಟಮಿನ್‌ಗಳೂ ಮೈಯಲ್ಲಿ ಉಳಿದು ವಿಷವಾಗುತ್ತವೆ. ವಿಟಮಿನ್ ಎ ಕಡಿಮೆಯಾದರೆ ರೆಪ್ಪೆ ಊದುತ್ತದೆ, ನಾಲಿಗೆ ಗುರಿ ತಪ್ಪುತ್ತದೆ. ನಿಮ್ಮದರ ಕಣ್ಣಿಗೆ ಅದೂ ಕಾರಣವಿರಬಹುದು, ಆದರೆ ಇಂಜೆಕ್ಷನ್ ಬೇಕೋ ಬೇಡವೋ ಡಾಕ್ಟರೇ ಹೇಳಲಿ. ಅದಕ್ಕೆ ತಿನ್ನಿಸಲೆಂದೇ ಸಾಕಿದ ಜಿರಲೆ, ಮಿಡತೆಹುಳುಗಳಿಗೆ ಹಿಂದಿನ ದಿನ ನುಗ್ಗೆಸೊಪ್ಪು, ಗಜ್ಜರಿ ತಿನ್ನಿಸಿ. ಪಾಲಕ್ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಅಡುಗೆಮನೆಯ ಜಿರಲೆಯಂತೂ ಮುಟ್ಟಬೇಡಿ, ಔಷಧಿ ತಿಂದಿರುತ್ತದೆ.

ತೊಟ್ಟಿ ಬಿಟ್ಟು ಜಾಲರಿ ಗೂಡಿಗೆ ಬನ್ನಿ, ದೊಡ್ಡದಾದ ಮೇಲೆ 2×2×4 ಅಡಿ ಬೇಕೇ ಬೇಕು. ಬಟ್ಟಲಿನ ನೀರನ್ನು ಅದು ಸಾಮಾನ್ಯವಾಗಿ ಗುರುತಿಸದು, ಎಲೆಯ ಮೇಲಿನ ಹನಿ ನೆಕ್ಕುತ್ತದೆ. ಹಾಗಾಗಿ ಮಣಿಪ್ಲಾಂಟ್ ಮೇಲೆ ಹನಿ ಬೀಳುವಂತೆ ಡ್ರಿಪ್ಪರ್ ಇಡಿ. ಹಿಕ್ಕೆಯ ಬಿಳಿ ಭಾಗ ಹಳದಿ-ಕಿತ್ತಳೆಗೆ ತಿರುಗಿದರೆ ನೀರು ಸಾಲುತ್ತಿಲ್ಲ. ಮಳೆಗಾಲದಲ್ಲಿ ಮಾತ್ರ ತಲೆಕೆಳಗು: ಇಲ್ಲಿ ಗಾಳಿಯೇ ಒದ್ದೆ, ಮುಚ್ಚಿದ ಗೂಡಿನಲ್ಲಿ ಶ್ವಾಸಕೋಶಕ್ಕೆ ಸೋಂಕು ಹತ್ತುತ್ತದೆ. ಸಿಂಪಡಣೆಯನ್ನು ಬೆಳಿಗ್ಗೆ ಒಂದೇ ಸಲಕ್ಕೆ ಇಳಿಸಿ, ಕೋಣೆಯಲ್ಲಿ ಫ್ಯಾನ್ ಓಡಲಿ, ಗೂಡಿಗೆ ನೇರ ಬೀಸುವುದು ಬೇಡ. ಬಲ್ಬಿನಡಿ ಮಾತ್ರ ಬಾಯಿ ತೆರೆದರೆ ಅದು ಸೆಕೆ. ತಂಪಿನಲ್ಲೂ ಮೂತಿ ಮೇಲೆತ್ತಿ ಬಾಯಿ ತೆರೆದು ಉಸಿರಾಡಿದರೆ, ಗುಳ್ಳೆ ಬಂದರೆ, ಅದೇ ದಿನ ಡಾಕ್ಟರ್; ಆಂಟಿಬಯೋಟಿಕ್ ಇಲ್ಲದೆ ವಾಸಿಯಾಗದು.

ವೇಲ್ಡ್ ಯೆಮನ್, ಸೌದಿ ಕಡೆಯ ಜಾತಿ. ಸೈಟ್ಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವುದರಿಂದ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ತಲೆಯ ಮೇಲೆ ಎತ್ತರದ ಕಿರೀಟವಿಲ್ಲದೆ ನಮ್ಮ ಹೊಲಗಳ ಊಸರವಳ್ಳಿಯಂತೆ ಕಂಡರೆ ಅದನ್ನು ಸಾಕುವುದೇ ಅಪರಾಧ, ಅರಣ್ಯ ಇಲಾಖೆಗೆ ತಿಳಿಸಿ.

ಹಿಂಗಾಲಿನ ಹಿಮ್ಮಡಿಯಲ್ಲಿ ಮುಳ್ಳಿನಂಥ ಗಂಟು ಇದೆಯೇ ನೋಡಿ. ಇದ್ದರೆ ಗಂಡು. ಇಲ್ಲದಿದ್ದರೆ ಹೆಣ್ಣು, ಗಂಡಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಮೊಟ್ಟೆ ಇಡಲು ಒಂದು ಅಡಿ ಆಳಕ್ಕೆ ಒದ್ದೆ ಮರಳು ತುಂಬಿದ ಡಬ್ಬ ಈಗಲೇ ಇಟ್ಟಿರಿ.