ಚೀನಾದಲ್ಲಿ ಓದಿದವರಿಗೆ ಟೋಪಿ ಹಾಕಿದ ಕಥೆ

ಕಮ್ಯುನಿಸ್ಟ್ ನಾಯಕ ಮಾವೋ 1966ರಲ್ಲಿ ಎಬ್ಬಿಸಿದ ಸಾಂಸ್ಕೃತಿಕ ಕ್ರಾಂತಿ ಎಂಬ ಒಂದೇ ಗಲಾಟೆಗೆ ಚೀನಾದ ಓದಿದ ವರ್ಗ ಅಷ್ಟೊಂದು ನೆಲಕಚ್ಚಿದ್ದು ಹೇಗೆ ಎಂದು ಕೇಳಿದ್ದೀರಿ. ನಾನು ಪಿಯುಸಿ ಮಕ್ಕಳಿಗೆ ಇತಿಹಾಸ ಪಾಠ ಮಾಡುವವನು, ತರಗತಿಯಲ್ಲೂ ಇದೇ ಪ್ರಶ್ನೆ ಬರುತ್ತದೆ. 1966ರಿಂದ ಶುರುಮಾಡಿದರೆ ಈ ಕಥೆ ಅರ್ಥವಾಗುವುದಿಲ್ಲ. ಅಷ್ಟು ಹೊತ್ತಿಗೆ ಅರ್ಧ ಕೆಲಸ ಮುಗಿದೇ ಹೋಗಿತ್ತು.

ಹಳೆಯ ಚೀನಾದಲ್ಲಿ ಮೊದಲ ಮಣೆ ಓದಿದವನಿಗೆ. ರೈತ, ಕಸುಬುದಾರ, ವ್ಯಾಪಾರಿ ಎಲ್ಲ ಆಮೇಲೆ. ಪರೀಕ್ಷೆ ಪಾಸಾದವನೇ ಅಧಿಕಾರಿ. ಆ ಪರೀಕ್ಷೆ 1905ರಲ್ಲಿ ನಿಂತಿತು, ಗೌರವ ಮಾತ್ರ ಉಳಿಯಿತು. 1949ರಲ್ಲಿ ಕಮ್ಯುನಿಸ್ಟರು ಬಂದಾಗ ಬಹಳಷ್ಟು ಪ್ರೊಫೆಸರ್‌ಗಳು ದೇಶ ಬಿಡಲಿಲ್ಲ. ಯುದ್ಧ, ಲಂಚ, ಬೆಲೆ ಏರಿಕೆ ನೋಡಿ ಅವರಿಗೂ ಸಾಕಾಗಿತ್ತು. ಅಮೆರಿಕದಿಂದ ವಾಪಸ್ ಬಂದವರೂ ಇದ್ದರು.

ಅವರಿಗೆ ಸಿಕ್ಕಿದ್ದು ಮನಸ್ಸು ತಿದ್ದುವ ಸಭೆಗಳು. ಎಲ್ಲರೆದುರು ನಿಂತು ತಮ್ಮನ್ನು ತಾವೇ ಬೈದುಕೊಳ್ಳಬೇಕು. 1952ರಲ್ಲಿ ವಿಶ್ವವಿದ್ಯಾಲಯಗಳನ್ನು ಸೋವಿಯತ್ ಮಾದರಿಯಲ್ಲಿ ಒಡೆದು ಜೋಡಿಸಿದರು. ಸಮಾಜಶಾಸ್ತ್ರ ಎಂಬ ವಿಷಯವನ್ನೇ ಎತ್ತಿಬಿಟ್ಟರು. ಸಮಾಜ ಬದಲಿಸಲು ಹೊರಟವರಿಗೆ ಅದನ್ನು ಓದುವವರು ಬೇಡವಾಗಿದ್ದರು ನೋಡಿ!

ಆಮೇಲೆ 1956-57. 'ನೂರು ಹೂವು ಅರಳಲಿ, ಪಕ್ಷದ ತಪ್ಪು ಹೇಳಿ' ಎಂದರು ಮಾವೋ. ಜನ ಹಿಂಜರಿದರು, ಆಮೇಲೆ ಹೇಳಿದರು, ಜಾಸ್ತಿಯೇ ಹೇಳಿದರು. ಕೆಲವೇ ವಾರಗಳಲ್ಲಿ ಗಾಳಿ ತಿರುಗಿತು. ಸುಮಾರು ಐದೂವರೆ ಲಕ್ಷ ಮಂದಿಗೆ 'ಬಲಪಂಥೀಯ', ಅಂದರೆ ಪಕ್ಷದ ವಿರೋಧಿ, ಎಂಬ ಹಣೆಪಟ್ಟಿ ಬಿತ್ತು. ಚೀನೀ ಮಾತಿನಲ್ಲಿ ಇದಕ್ಕೆ ಟೋಪಿ ತೊಡಿಸುವುದು ಅಂತಲೇ ಹೇಳುತ್ತಾರೆ. ನಮ್ಮ ಕನ್ನಡದಲ್ಲಿ ಟೋಪಿ ಹಾಕುವುದು ಎಂದರೆ ಬೇರೆಯೇ ಅರ್ಥ, ಆದರೆ ಇಲ್ಲಿ ಅದೂ ಸರಿಹೋಗುತ್ತದೆ ಅಲ್ವಾ?

ಟೋಪಿ ಒಂದು ತಲೆಗೆ ನಿಲ್ಲುತ್ತಿರಲಿಲ್ಲ. ಅದು ಆ ಮನುಷ್ಯನ ಬಗ್ಗೆ ಸರ್ಕಾರ ಇಟ್ಟ ಕಡತ ಸೇರುತ್ತಿತ್ತು, ಕಡತ ಹೋದಲ್ಲೆಲ್ಲ ಹೋಗುತ್ತಿತ್ತು. ಅಪ್ಪ ಜಮೀನ್ದಾರನೋ ಬಲಪಂಥೀಯನೋ ಆಗಿದ್ದರೆ ಮಗಳ ಕಾಲೇಜು, ಕೆಲಸ, ಮದುವೆ ಎಲ್ಲಕ್ಕೂ ಅಡ್ಡಿ. ವರ್ಗ ಅಳಿಸುತ್ತೇವೆ ಎಂದು ಬಂದವರು ಅದನ್ನು ಹುಟ್ಟಿನಿಂದ ಬರುವಂತೆ ಮಾಡಿದರು. ಇದು ನಮಗೆ ಯಾಕೋ ಪರಿಚಿತ ಅನ್ನಿಸಬೇಕು.

ಪೀಕಿಂಗ್ ವಿಶ್ವವಿದ್ಯಾಲಯದ ಅಧ್ಯಕ್ಷ ಮಾ ಯಿನ್‌ಚು 1957ರಲ್ಲಿ ಜನಸಂಖ್ಯೆಗೆ ಕಡಿವಾಣ ಹಾಕಿ ಎಂದರು. ದಾಳಿ ಶುರುವಾಯಿತು, 1960ರಲ್ಲಿ ಕುರ್ಚಿ ಹೋಯಿತು. 1979ರಲ್ಲಿ ಮತ್ತೆ ಮರ್ಯಾದೆ ಸಿಕ್ಕಾಗ ಅಜ್ಜನಿಗೆ 97ರ ಆಸುಪಾಸು. ಅಷ್ಟರಲ್ಲಿ ಸರ್ಕಾರವೇ ಒಂದೇ ಮಗು ಸಾಕು ಎನ್ನುವ ದಾರಿ ಹಿಡಿದಿತ್ತು.

ಇನ್ನು 1966. ಗುರುಗಳನ್ನು ಶಿಷ್ಯರೇ ಹೊಡೆದರು, ಕೆಲವರು ಸತ್ತೇ ಹೋದರು. ಕಾಲೇಜಿನ ಪ್ರವೇಶ ಪರೀಕ್ಷೆ ರದ್ದಾಯಿತು. ಶತ್ರುಗಳ ಪಟ್ಟಿಯಲ್ಲಿ ಜಮೀನ್ದಾರ, ಗೂಢಚಾರ ಮುಂತಾದ ಎಂಟು ಬಗೆಯವರ ನಂತರ ಓದಿದವರು. ಅದಕ್ಕೇ ಅವರಿಗೆ 'ನಾರುವ ಒಂಬತ್ತನೆಯವರು' ಎಂಬ ಹೆಸರು. 1968ರ ಕೊನೆಯಿಂದ ಪೇಟೆಯ ಹುಡುಗ ಹುಡುಗಿಯರನ್ನು ದಂಡುದಂಡಾಗಿ ಹಳ್ಳಿಗೆ ಅಟ್ಟಿದರು. ಹಾಗೆ ಹೋದವರು ಒಟ್ಟು 1 ಕೋಟಿ 60 ಲಕ್ಷಕ್ಕೂ ಜಾಸ್ತಿ. 1973ರಲ್ಲಿ ಕಾಲೇಜು ಸೇರುವವರಿಗೆ ಮತ್ತೆ ಒಂದು ಪರೀಕ್ಷೆ ಇಟ್ಟಾಗ, ಹೀಗೆ ಹಳ್ಳಿಗೆ ಹೋಗಿದ್ದ ಝಾಂಗ್ ತಿಯೆಶೆಂಗ್ ಎಂಬಾತ ಹೆಚ್ಚು ಕಡಿಮೆ ಖಾಲಿ ಉತ್ತರಪತ್ರಿಕೆ ಕೊಟ್ಟು, ಅದರ ಹಿಂದೆ 'ಹೊಲದ ಕೆಲಸದಲ್ಲಿ ಓದಲು ಪುರುಸೊತ್ತಿರಲಿಲ್ಲ' ಎಂಬ ಅರ್ಥದ ಪತ್ರ ಬರೆದ. ಅವನನ್ನು ಹೀರೋ ಮಾಡಿ ಕಾಲೇಜಿಗೆ ಸೇರಿಸಿದರು.

ಇದೇ ಸರ್ಕಾರ ಹಳ್ಳಿಗರಿಗೆ ಅಕ್ಷರ ಕಲಿಸಿತು, ಲಿಪಿ ಸುಲಭ ಮಾಡಿತು, 1950ರ ಕಾನೂನಿನಿಂದ ಹೆಣ್ಣಿಗೆ ವಿಚ್ಛೇದನದ ಹಕ್ಕು ಕೊಟ್ಟಿತು. ಇದನ್ನು ಮುಚ್ಚಿಡಬಾರದು. ಕೆಳಗಿನವರನ್ನು ಓದಿಸುತ್ತಲೇ ಚೆನ್ನಾಗಿ ಓದಿದವರನ್ನು ತುಳಿದರು. ಮಾವೋ ಹಿಂದೆ ಪೀಕಿಂಗ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ತಿಂಗಳಿಗೆ 8 ಯುವಾನ್‌ಗೆ ದುಡಿಯುತ್ತಿದ್ದಾಗ ದೊಡ್ಡ ವಿದ್ವಾಂಸರು ಕ್ಯಾರೇ ಅನ್ನಲಿಲ್ಲ, ಅದೇ ಸಿಟ್ಟು ಎನ್ನುವವರಿದ್ದಾರೆ. ನನಗೆ ಅಷ್ಟು ಸರಳ ಅನ್ನಿಸುವುದಿಲ್ಲ. ಸರಿ ತಪ್ಪು ಹೇಳುವ ಹಕ್ಕು ಪಕ್ಷವೊಂದಕ್ಕೇ ಇರಬೇಕಿತ್ತು, ಓದಿದವನು ಅದಕ್ಕೆ ಅಡ್ಡ ಬರುತ್ತಿದ್ದ.

ಮಾವೋ ಸತ್ತ ಮರುವರ್ಷ, 1977ರ ಚಳಿಗಾಲದಲ್ಲಿ, ಪಕ್ಷದ ನಾಯಕ ಡೆಂಗ್ ಶಿಯಾವೊಪಿಂಗ್ ಪ್ರವೇಶ ಪರೀಕ್ಷೆ ಮತ್ತೆ ತಂದರು. 57 ಲಕ್ಷ ಜನ ಬರೆದರು, ಸೀಟು ಸಿಕ್ಕಿದ್ದು ಸುಮಾರು 2.7 ಲಕ್ಷ ಮಂದಿಗೆ. ಹತ್ತು ವರ್ಷ ಹೊಲದಲ್ಲಿ ಕಳೆದು ಮೂವತ್ತು ಮುಟ್ಟಿದವರು, ಆಗಷ್ಟೇ ಶಾಲೆ ಮುಗಿಸಿದ ಹುಡುಗರ ಜೊತೆ ಒಂದೇ ಬೆಂಚಿನಲ್ಲಿ ಕೂತರು.