ವೀಲ್‌ಚೇರ್ ಚಕ್ರದಿಂದ ಚಿತ್ರ ಬಿಡಿಸುವಾಗ ಗೆರೆ ಯಾಕೆ ಕಲಸಿಹೋಗುತ್ತದೆ?

ಮುಂಬೈ ಬಳಿಯ ಡೊಂಬಿವಲಿಯ ಸೊಸೈಟಿ ಪಾರ್ಕಿಂಗ್‌ನಲ್ಲಿ ಕ್ಯಾನ್ವಾಸ್ ಹಾಸಿ, ವೀಲ್‌ಚೇರ್ ಚಕ್ರಕ್ಕೆ ಬಣ್ಣ ಹಚ್ಚಿ ಓಡಿಸಿ ಚಿತ್ರ ಬಿಡಿಸುತ್ತಿದ್ದೀರಿ, ಆದರೆ ಗೆರೆ ಕಲಸಿಹೋಗುತ್ತದೆ ಎಂದು ಕೇಳಿದ್ದೀರಿ. ಹೆಚ್ಚಾಗಿ ಇದು ಮುಂದಿನ ಪುಟ್ಟ ಚಕ್ರಗಳ ಕೆಲಸ: ತಿರುವಿನಲ್ಲಿ ಅವು ಹಸಿ ಬಣ್ಣದ ಮೇಲೆ ಅಡ್ಡ ಹಾಯುತ್ತವೆ. ಒಂದು ತುದಿಯಿಂದ ಹೊರಟು ಇನ್ನೊಂದು ತುದಿಯಲ್ಲಿ ಕ್ಯಾನ್ವಾಸ್‌ನಿಂದ ಹೊರಗೆ ಬಂದುಬಿಡಿ. ಎರಡನೇ ಬಣ್ಣ ಮೊದಲನೆಯದು ಒಣಗಿದ ಮೇಲೆಯೇ. ಮುಂಬೈ ಕಡೆಯ ಮಳೆಗಾಲದಲ್ಲಿ ಬೇಗ ಒಣಗುವ ಅಕ್ರಿಲಿಕ್ ಬಣ್ಣ ಕೂಡ ನಿಧಾನ, ಫ್ಯಾನ್ ಇಡಿ.

ಬಣ್ಣ ಮೊಸರಿನಷ್ಟು ಗಟ್ಟಿ ಇರಲಿ, ಹಿಂದಿನ ದೊಡ್ಡ ಚಕ್ರದ ನೆಲ ಮುಟ್ಟುವ ಭಾಗಕ್ಕೆ ಮಾತ್ರ ಬ್ರಷ್‌ನಿಂದ ಹಚ್ಚಿ. 24 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಹೋಗುತ್ತದೆ. ಆಮೇಲೆ ಬಣ್ಣ ತೆಳುವಾಗುತ್ತಾ ಬರುತ್ತದೆ. ಆ ಮಾಸುವ ಗೆರೆಯೇ ಚೆಂದ, ಅದನ್ನು ತಿದ್ದಬೇಡಿ. ಒಂದು ಚಕ್ರ ಹಿಡಿದು ಇನ್ನೊಂದನ್ನು ತಳ್ಳಿದರೆ ವೃತ್ತ ಮೂಡುತ್ತದೆ, ಆದರೆ ನಿಂತ ಚಕ್ರದಡಿ ಬಟ್ಟೆ ತಿರುಚಿಕೊಳ್ಳುತ್ತದೆ. ಅಂಚಿಗೆಲ್ಲ ಟೇಪ್ ಬಿಗಿದಿರಲಿ. ಮುಗಿದ ಕೂಡಲೇ ಟೈರ್, ಬ್ರೇಕ್ ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಬಣ್ಣ ಅಂಟಿದ್ದರೆ ಬ್ರೇಕ್ ಜಾರುತ್ತದೆ.