ತವರಿಗೆ ಬಂದವರು, ದೂರದಿಂದ ಬಂದವರು

ಪ್ರಶ್ನೆ: ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಸೈಬೀರಿಯಾದಿಂದ ಬರುತ್ತವೆ ಎಂದು ನಮ್ಮಲ್ಲಿ ಹಲವರು ಹೇಳುತ್ತಾರೆ. ಇದು ನಿಜವೇ? ಸಂಕ್ರಾಂತಿಯ ಆಸುಪಾಸಿನಲ್ಲಿ ಮಕ್ಕಳಿಗೆ ಮೈಸೂರು, ಮಂಡ್ಯದ ಸುತ್ತಮುತ್ತ ಯಾವ ವಲಸೆ ಹಕ್ಕಿಗಳನ್ನು ತೋರಿಸಬಹುದು?
– ಓದುಗರೊಬ್ಬರು, ಮದ್ದೂರು

ಉತ್ತರ: ನಿಜವಲ್ಲ. ಕೊಕ್ಕರೆ ಬೆಳ್ಳೂರಿನ ಹುಣಸೆ ಮತ್ತು ಅರಳಿ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್) ನಮ್ಮ ನಾಡಿನವೇ ಆಗಿದ್ದು, ಉಳಿದ ತಿಂಗಳುಗಳಲ್ಲಿ ಬೇರೆ ಬೇರೆ ಕೆರೆ, ಹೊಳೆಗಳಲ್ಲಿ ಚದುರಿ ಮೇಯುತ್ತಿದ್ದು, ಚಳಿಗಾಲದ ನಡುವೆ ಮರಿ ಮಾಡುವುದಕ್ಕೆಂದು ಇಲ್ಲಿಗೆ ಸೇರುತ್ತವೆ. ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಬಂದಂತೆ ಎಂದು ಆ ಊರಿನವರು ಹೇಳುವ ಮಾತು ವಿಜ್ಞಾನದ ದೃಷ್ಟಿಯಿಂದಲೂ ಸರಿಯಾಗಿಯೇ ಇದೆ. ಮನೆಯಂಗಳದ ಮರದಲ್ಲಿ ಗೂಡಿರುವುದನ್ನು ಶುಭವೆಂದು ಭಾವಿಸಿ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿರುವ ಈ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು.

ಗುರುತಿಸಲು ಒಂದು ಸುಲಭ ದಾರಿಯಿದೆ. ಚಳಿಗೆ ಹೆದರಿ ಉತ್ತರದಿಂದ ಬರುವ ಹಕ್ಕಿ ಇಲ್ಲಿ ಮೇಯುತ್ತದೆ, ವಿಶ್ರಮಿಸುತ್ತದೆ, ಆದರೆ ಗೂಡು ಕಟ್ಟುವುದಿಲ್ಲ. ಮರಿ ಮಾಡುವುದಕ್ಕೆ ಅದು ತನ್ನ ನೆಲಕ್ಕೇ ಮರಳಬೇಕು.

ಅಂಥ ಹಕ್ಕಿಗಳಲ್ಲಿ ಮಕ್ಕಳಿಗೆ ತಪ್ಪದೆ ತೋರಿಸಬೇಕಾದುದು ಪಟ್ಟೆತಲೆ ಹೆಬ್ಬಾತು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ, ಅಂದರೆ ಮೈಸೂರು ಅರಸರ ವಂಶದ ಮೂಲಕಥೆಯಲ್ಲಿ ಬರುವ ಅದೇ ಹದಿನಾರಿನ ಕೆರೆ, ಇವುಗಳ ನೆಚ್ಚಿನ ತಾಣ. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಈ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್‌ಗಳಂಥ ಎತ್ತರದ ನಾಡಿನ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಬರುತ್ತವೆ. ಗಾಳಿ ತೆಳುವಾಗಿರುವ ಆ ಎತ್ತರದಲ್ಲಿಯೂ ರೆಕ್ಕೆ ಬಡಿಯಲು ಸಾಧ್ಯವಾಗುವುದಕ್ಕೆ ಒಂದು ಕಾರಣ, ಇವುಗಳ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಇತರ ಬಾತುಗಳಿಗಿಂತ ಬಿಗಿಯಾಗಿ ಹಿಡಿಯುವುದು.

ರಾತ್ರಿ ಗದ್ದೆ ಹೊಲಗಳಲ್ಲಿ ಮೇಯ್ದು ಹಗಲು ನೀರಿನಂಚಿನಲ್ಲಿ ದಣಿವಾರಿಸಿಕೊಳ್ಳುವುದು ಇವುಗಳ ರೂಢಿ. ಆದ್ದರಿಂದ ಹಗಲಿನಲ್ಲಿ ನಿದ್ದೆ ಹೋದಂತಿರುವ ಹಿಂಡನ್ನು ಚಿತ್ರಕ್ಕಾಗಿ ಹಾರಿಸುವುದನ್ನು ನಾನು ಖಂಡಿತವಾಗಿಯೂ ಒಪ್ಪುವುದಿಲ್ಲ. ಮರುಪ್ರಯಾಣಕ್ಕೆಂದು ಮೈಯಲ್ಲಿ ಕೂಡಿಡುವ ಕೊಬ್ಬು ಹೀಗೆ ವ್ಯರ್ಥವಾಗಿ ಕರಗುತ್ತದೆ. ಡ್ರೋನ್ ಬೇಡ, ಕೂಗಾಟ ಬೇಡ, ಏರಿಯಿಂದ ಕೆಳಗಿಳಿಯುವುದೂ ಬೇಡ.

ದೂರ ಹೋಗಲಾಗದಿದ್ದರೆ ಮೈಸೂರಿನ ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳ ದಂಡೆಯಲ್ಲಿ ಬಾಲ ಕುಣಿಸುತ್ತ ಓಡಾಡುವ ಕುಂಡೆಕುಸ್ಕಗಳನ್ನೂ ನಿಮ್ಮ ಗದ್ದೆ ಬಯಲಿನ ವಿದ್ಯುತ್ ತಂತಿಗಳ ಮೇಲೆ ಸಾಲಾಗಿ ಕೂರುವ ಕವಲುಬಾಲದ ಅಂಬರಗುಬ್ಬಿಗಳನ್ನೂ ತೋರಿಸಿ. ಹದಿನಾರಿಗೆ ಹೋಗುವುದಾದರೆ ಸೂರ್ಯೋದಯಕ್ಕೆ ಮುಂಚೆಯೇ ಏರಿಯ ಮೇಲಿರಿ. ಮಂಜು ಕರಗುವ ಹೊತ್ತಿಗೆ ಹೆಬ್ಬಾತುಗಳು ಕರೆಯುತ್ತ, ಸಾಲುಗಟ್ಟಿ ಹೊಲಗಳಿಂದ ಕೆರೆಗೆ ಮರಳುತ್ತವೆ.